ಎರಡು ಮೊಳ ಸಮುದ್ರ, ಎಳ್ಳಷ್ಟು ಮೊಮ್ಮಗ

ಅಜ್ಜನಾಗುವುದರಲ್ಲಿ ಅಜ್ಜನ ಸಾಧನೆ ಏನೂ ಇಲ್ಲ. ಸೊಸೆ ನೋವು ತಿಂದಳು, ಮಗ ತಂದೆಯಾದ, ನಾನು ಹಳಿಯಾಳದ ಪೇಟೆಯ ನನ್ನ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಕುಳಿತಲ್ಲೇ ಅಜ್ಜನಾದೆ. ಆದರೂ ಸುದ್ದಿ ಬಂದ ದಿನ ನಾನು ಪೇಟೆಯಲ್ಲಿ ನಡೆದ ಠೀವಿಯನ್ನು ನೋಡಿದ್ದರೆ ನೀವು, ಹೆತ್ತವನು ಇವನೇ ಇರಬೇಕು ಎಂದುಕೊಳ್ಳುತ್ತಿದ್ದಿರಿ. ಮೂರನೇ ಇಯತ್ತೆ ದಾಟದ ನನಗೆ ಆ ಸಂತೋಷವನ್ನು ಬರೆಯಲು ಶಬ್ದ ಸಾಲುವುದಿಲ್ಲ. ಸಾಲದ ಕಡೆ ನೀವೇ ಒಂದೆರಡು ಸೇರಿಸಿಕೊಂಡು ಓದಬೇಕು.

ತೊಂದರೆ ಏನೆಂದರೆ, ಮೊಮ್ಮಗ ಹುಟ್ಟಿದ್ದು ಹಳಿಯಾಳದಲ್ಲಲ್ಲ, ಕಾರವಾರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಸೊಸೆ ಗಂಗವ್ವನ ತಂದೆ, ನಮ್ಮ ಬೀಗರು, ಮೂಲದಲ್ಲಿ ಮಳಗಿ ಕಡೆಯವರು. ಮನೆಯವರು ಬೇಡ ಬೇಡವೆಂದರೂ ಕೇಳದೆ ಕಾರವಾರಕ್ಕೆ ಹೋಗಿ ಫೋಟೋ ಅಂಗಡಿ ಹಾಕಿದವರು. ಹೆಸರಿಡುವ ದಿನಕ್ಕೆ ಹೋಗುವುದೆಂದು ನಾನೂ ನನ್ನ ಹೆಂಡತಿ ನೀಲವ್ವನೂ ಗಂಟು ಕಟ್ಟಿದ್ದೆವು. ಅಷ್ಟರಲ್ಲಿ ನನಗೊಂದು ಹುರುಪು ಬಂತು. ಕೂಸು ಬರುವುದರೊಳಗೆ ಮನೆತನದ ತೊಟ್ಟಿಲನ್ನು ಉಜ್ಜಿ ಇಡೋಣವೆಂದು ಅಟ್ಟ ಹತ್ತಿದೆ. ತೊಟ್ಟಿಲಿಗಿಂತ ಮೊದಲು ನಾನೇ ಕೆಳಗೆ ಇಳಿದೆ. ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಮಲಗಿದವನನ್ನು ಬಿಟ್ಟು ನೀಲವ್ವ ಹೇಗೆ ಹೋದಾಳು? ಕೊನೆಗೆ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸ ಮಾಡುವ ಮಗ ಒಬ್ಬನೇ ಹೋಗಿಬಂದ. ಅವನು ಹೊಸ್ತಿಲು ದಾಟುವ ಮೊದಲೇ ನಾನು ಕೇಳಿದೆ.

“ಕೂಸು ಹೆಂಗೈತೋ?”

“ಚಲೋ ಐತ್ರಿ.”

“ಯಾರ ಹಾಂಗೈತಿ?”

ಅವನು ಚಪ್ಪಲಿ ಬಿಡುತ್ತ ಸ್ವಲ್ಪ ಯೋಚಿಸಿ, “ಕೂಸಿನ ಹಾಂಗ ಐತಿ, ಅಪ್ಪಾ” ಎಂದ. ಸಾಗವಾನಿ ದಿಮ್ಮಿಯನ್ನಾದರೆ ಅದರ ಗಂಟು, ಬಿರುಕು, ಬಣ್ಣ ಎಲ್ಲ ಹೇಳಬಲ್ಲವನು, ಹೊಟ್ಟೆಯ ಮಗನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರದೆ ಹೋದ.

ಕಾಲು ನೆಟ್ಟಗಾಗುವ ಹೊತ್ತಿಗೆ ಮಳೆ ಹಿಡಿಯಿತು. ಯುದ್ಧದ ಕಾಲ ಬೇರೆ. ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯ ಮೇಲೆ ಓಡುವ ಸರ್ವಿಸ್ ಮೋಟಾರು ಬಿಸಿಲಿನಲ್ಲೇ ಘಟ್ಟದ ಅರ್ಧಕ್ಕೆ ನಿಂತು ಜನರನ್ನು ಇಳಿಸಿ ನೂಕಿಸುತ್ತಿತ್ತು, ಮಳೆಯಲ್ಲಂತೂ ಅದರ ಮಾತೇ ಬೇಡ. ಹಸುಗೂಸನ್ನು ಅದರಲ್ಲಿ ಕರೆತರುವಂತಿಲ್ಲ, ಕುಂಟುವ ನಾನು ಅದನ್ನು ನೂಕುವಂತಿಲ್ಲ. ಹಾಗಾಗಿ ಬೀಗರಿಗೆ ಹೇಳಿ ಕಳಿಸಿದೆ. ಹೇಗೂ ಫೋಟೋದವರು ಇದ್ದೀರಿ, ಕೂಸಿನದೊಂದು ಫೋಟೋ ತೆಗೆದು ಕಳಿಸಿರಿ, ಮುಖ ನೋಡುತ್ತ ಮಳೆಗಾಲ ಕಳೆಯುತ್ತೇವೆ.

ಇಲ್ಲಿ ಬೀಗರ ಕ್ಯಾಮೆರಾದ ಬಗ್ಗೆ ಹೇಳಬೇಕು. ಊರಿಗೆ ಹೊರಟ ಯಾರೋ ಸಾಹೇಬ ಮಾರಿಹೋದದ್ದಂತೆ. ಮೂರು ಕಾಲಿನ ಮೇಲೆ ನಿಲ್ಲಿಸಿ ಗಡಿಯಾರದ ಹಾಗೆ ಕೀಲಿ ಕೊಟ್ಟರೆ, ಗೂಬೆ ಕತ್ತು ತಿರುಗಿಸಿದಂತೆ ತಾನೇ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗುತ್ತ, ಎದುರಿಗಿದ್ದದ್ದನ್ನೆಲ್ಲ ಒಂದೇ ಉದ್ದನೆಯ ಚಿತ್ರದಲ್ಲಿ ಹಿಡಿಯುತ್ತದಂತೆ. ಕಾರವಾರದ ಇಡೀ ದಂಡೆಯನ್ನು ಒಂದೇ ಸಲಕ್ಕೆ ಹಿಡಿಯಬೇಕೆಂಬುದು ಬೀಗರ ಬಹುದಿನದ ಆಸೆ. ಯುದ್ಧದಿಂದಾಗಿ ಫಿಲ್ಮು ಬರುವುದು ನಿಂತು, ಆ ಕ್ಯಾಮೆರಾಕ್ಕೆ ಹೊಂದುವ ಒಂದೇ ಸುರುಳಿ ಅವರಲ್ಲಿ ಉಳಿದಿತ್ತು. ಬೀಗರು ದೊಡ್ಡ ಮನಸ್ಸು ಮಾಡಿ ತಮ್ಮ ಸಮುದ್ರವನ್ನೂ ನಮ್ಮ ಮೊಮ್ಮಗನನ್ನೂ ಅದೊಂದರಲ್ಲೇ ತೆಗೆದು, ‘ಮೂಲೆಯಲ್ಲಿ ಕೂಸು ಇದೆ’ ಎಂದು ಹಿಂಬದಿಗೆ ಬರೆದು ಕಳಿಸಿದರು.

ಬಿಚ್ಚಿದರೆ ಎರಡು ಮೊಳ ಉದ್ದ. ನೀರೋ ನೀರು. ಅದರ ಮೇಲೆ ಗುಡ್ಡ, ದೋಣಿ, ಮೋಡ. ಎಡಗಡೆಯ ಮೂಲೆಯಲ್ಲಿ, ಒಂದು ದೋಣಿಯ ಪಕ್ಕ, ಬಟ್ಟೆ ಹೊದ್ದ ಒಂದು ದುಂಡನೆಯ ಗಂಟು ಮರಳಿನ ಮೇಲಿತ್ತು. ಎಳ್ಳಿಗಿಂತ ತುಸು ದೊಡ್ಡದು. ನೀಲವ್ವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಆದರೆ ನಾನು ಅಂಗಡಿಯ ಮೆಣಸಿನಕಾಯಿ ಘಾಟೆಂದೆ. ಅರ್ಧ ದೋಣಿಯಷ್ಟು ಬೆಳೆದಿದ್ದಾನೆ, ಸಮುದ್ರದ ಗಾಳಿ ಮೈಗೆ ಹಿಡಿದಿದೆ ಎಂದು ಇಬ್ಬರೂ ಹಿಗ್ಗಿದೆವು. ಹಣೆ ನನ್ನದೆಂದು ನಾನೂ, ಮೂಗು ತನ್ನ ತವರಿನದೆಂದು ಅವಳೂ ವಾದಕ್ಕೆ ಬಿದ್ದೆವು. ಆಮೇಲೆ ಅವಳ ಕಣ್ಣು ಬಂದರದ ಕಟ್ಟೆಯ ಮೇಲೆ ಬಿತ್ತು. ತಿರುಗುವ ಕ್ಯಾಮೆರಾದ ಗುಣ ಅದು, ನೆಟ್ಟಗಿದ್ದ ಕಟ್ಟೆ ಚಿತ್ರದಲ್ಲಿ ಕುಡುಗೋಲಿನಂತೆ ಬಾಗಿತ್ತು.

“ಆ ಊರಾಗ ಕಲ್ಲಿನ ಕಟ್ಟೀನೇ ಹಿಂಗ ಬಗ್ಗೇತಿ. ಎಳೀ ಕೂಸಿನ ಬೆನ್ನಿನ ಗತಿ ಏನ್ರಿ?” ಎಂದಳು. ಆ ದಿನ ಅವಳು ಊಟ ಮಾಡಲಿಲ್ಲ.

ಫೋಟೋ ಪೇಟೆಯ ಹುಸೇನಸಾಬನ ಬಳಿ ಹೋಯಿತು. ದೇವರ ಪಟಗಳಿಗೆ ಕಟ್ಟು ಹಾಕುವವನು ಅವನೊಬ್ಬನೇ. ಎರಡು ಮೊಳದ ಕಟ್ಟು ಹಾಕಿಸಿಕೊಳ್ಳುವ ದೇವರು ನಮ್ಮ ಕಡೆ ಯಾರೂ ಇಲ್ಲದ ಕಾರಣ, ಅಷ್ಟುದ್ದದ ಗಾಜು ಅವನಲ್ಲಿರಲಿಲ್ಲ. “ಯಜಮಾನ್ರ, ಕೂಸಿರೋ ಕಡಿ ಇಟ್ಟು, ಈ ಕಡಿ ಗೇಣುದ್ದ ಹಿಂದಕ್ಕ ಮಡಿಚಿಬಿಡ್ತೇನಿ. ಬರೇ ಉಸುಕು, ತೆಂಗಿನ ಗಿಡ” ಎಂದ. ನಾನು, ಬೇಕಾದರೆ ಸಮುದ್ರವನ್ನೂ ಮಡಚು ಮಾರಾಯ, ಕೂಸು ಮಾತ್ರ ಮುಂದೆ ಇರಲಿ ಎಂದೆ.

ಆ ಕಟ್ಟು ದೇವರ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲೇ ನಿಂತಿತು. ದಿನಾ ಸ್ನಾನವಾದ ಮೇಲೆ ಕೂಸಿನ ನೇರಕ್ಕೆ ಗಾಜಿನ ಮೇಲೆ ವಿಭೂತಿ ಹಚ್ಚುತ್ತಿದ್ದೆ. ನೀಲವ್ವ ಅಮಾವಾಸ್ಯೆಗೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಕೂಸನ್ನು ಉಳವಿಯ ಜಾತ್ರೆಗೆ ಕರೆದೊಯ್ಯುತ್ತೇವೆಂದು ಹರಕೆಯನ್ನೂ ಹೊತ್ತಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನು ಆ ಚಿತ್ರದ ಮುಂದೆ ಕುಳಿತಿರುತ್ತಿದ್ದೆ. ಸಮುದ್ರವನ್ನು ನಾನು ಕಂಡವನೇ ಅಲ್ಲ. ಆದರೂ ಅದರ ಮೇಲೆ ನನಗೆ ಹೊಟ್ಟೆಕಿಚ್ಚು. ಕೂಸು ನಿದ್ದೆ ತಿಳಿದೇಳುವಾಗ ಸಮುದ್ರದ ಸದ್ದು ಕೇಳುತ್ತದೆ, ನನ್ನದು ಕೇಳುವುದಿಲ್ಲ. ಪಡುವಣದಿಂದ ಮೋಡ ಏರಿ ಬಂದರೆ, ಇದು ಅವನ ಮನೆಯ ಮೇಲಿಂದಲೇ ಹಾಯ್ದು ಬಂದಿರಬೇಕು ಎನ್ನಿಸಿ ಅಂಗಳಕ್ಕೆ ಹೋಗಿ ತಲೆಯೆತ್ತಿ ನಿಲ್ಲುತ್ತಿದ್ದೆ. ನೆನೆಯುವುದೇಕೆಂದು ನೀಲವ್ವ ಬೈಯಲು ಬಂದವಳು ತಾನೂ ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಿದ್ದಳು.

ಮಳೆ ನಿಂತಿತು, ಘಟ್ಟ ಒಣಗಿತು. ಬೀಗರು ತಾವೇ ತಾಯಿ ಮಗುವನ್ನು ಕರೆದುಕೊಂಡು ಬಂದರು. ನೀಲವ್ವ ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರೆದಳು. ನಾನು ಕೈ ಚಾಚಿದೆ. ಆದರೆ ಕೂಸು ಕುಂಚಿಗೆಯೊಳಗೆ ಮುಖ ಹುದುಗಿಸಿಕೊಂಡು, ತಾಯಿಯ ಹೆಗಲ ಮೇಲೆ ಗಾಢ ನಿದ್ದೆಯಲ್ಲಿತ್ತು. “ಈಗ ಮಲಗ್ಯಾನ್ರಿ ಮಾವಾರ. ಎಬ್ಬಿಸಿದ್ರ ಊರು ಕೇಳೂ ಹಾಂಗ ಅಳತಾನ” ಎಂದಳು ಗಂಗವ್ವ. ಇಷ್ಟು ತಿಂಗಳು ಕಾದವನು ಮತ್ತೆ ಕಾಯುತ್ತ ಕುಳಿತೆ. ಕಾಯುವುದರಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ ಗಳಿಗೆ.

ಅಷ್ಟರಲ್ಲಿ ಬೀಗರು ಕೈಮುಗಿಯಲೆಂದು ಜಗಲಿಯ ಮುಂದೆ ನಿಂತರು. ಕೈ ಅರ್ಧಕ್ಕೇ ನಿಂತಿತು. ಬಹಳ ಹೊತ್ತು ನೋಡಿ, ಕೆಮ್ಮಿ, ಮೆತ್ತಗೆ ಕೇಳಿದರು.

“ಬೀಗರ, ಮೀನಬುಟ್ಟಿಗೆ ಯಾಕ ವಿಭೂತಿ ಹಚ್ಚೀರಿ?”

ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಮೀನಿನ ಮಾತು ಬಂದರೆ ಬಾಯಿ ಮುಕ್ಕಳಿಸುತ್ತೇವೆ. ಯಾವಳೋ ಪುಣ್ಯಾತ್ಗಿತ್ತಿ ಬಟ್ಟೆ ಮುಚ್ಚಿ ದೋಣಿಯ ಪಕ್ಕ ಇಳಿಸಿದ್ದ ಬುಟ್ಟಿಗೆ ನಾವು ಒಂದು ಮಳೆಗಾಲವಿಡೀ ದೃಷ್ಟಿ ತೆಗೆದಿದ್ದೆವು. ಹಣೆ ನನ್ನದು, ಮೂಗು ಅವಳ ತವರಿನದು. ನೀಲವ್ವ ಕಟ್ಟನ್ನು ಸೆರಗಿನಿಂದ ಹಿಡಿದು ಜಗಲಿಯಿಂದ ಇಳಿಸಿದಳು. ಬೀಗರು ಮೊಳೆ ಕಿತ್ತು ಹಿಂದಿನ ಮಡಿಕೆ ಬಿಚ್ಚಿದರು. ಉಸುಕು, ತೆಂಗಿನ ಗಿಡ, ಅದರ ಬುಡದ ನೆರಳಿನಲ್ಲಿ ಕಂಡೂ ಕಾಣದಂತೆ ಕುಳಿತ ಗಂಗವ್ವ, ಅವಳ ತೊಡೆಯ ಮೇಲೆ ಕೂಸು. ಕ್ಯಾಮೆರಾ ತಿರುಗುವಾಗ ತಾನೂ ತಲೆ ತಿರುಗಿಸಿದ್ದರಿಂದ ಅದರ ಮುಖ ಹಪ್ಪಳದಂತೆ ಅಗಲವಾಗಿ ಹರಡಿತ್ತು. ಬಲಗಡೆಯ ಮೂಲೆ ಎಂದು ಬರೆಯಬೇಕಿತ್ತು ಎಂದು ಬೀಗರು ಪೇಚಾಡಿದರು. ಮೊದಲು ನಕ್ಕವಳು ನೀಲವ್ವ. ಆಮೇಲೆ ಗಂಗವ್ವ, ಆಮೇಲೆ ಬೀಗರು, ಕಡೆಗೆ ನಾನು. ಆ ನಗುವಿಗೆ ಕೂಸಿಗೆ ಎಚ್ಚರವಾಯಿತು.

ಗಂಗವ್ವ ಕುಂಚಿಗೆ ಸರಿಸಿದಳು. ಕಂಡೆ. ಹಣೆ ನನ್ನದಲ್ಲ, ಮೂಗು ಯಾರದ್ದೂ ಅಲ್ಲ. ಎಲ್ಲ ಅವನದೇ, ಹೊಚ್ಚ ಹೊಸದು. ಮಗ ಹೇಳಿದ್ದು ಸುಳ್ಳಲ್ಲ, ಕೂಸಿನ ಹಾಗೇ ಇತ್ತು. ನನ್ನ ಕಣ್ಣು ತುಂಬಿಬಂತು, ಈ ಸಲ ಮೆಣಸಿನಕಾಯಿಯ ಹೆಸರು ಹೇಳಲಿಲ್ಲ. ಬಾರೋ ನನ್ನಪ್ಪಾ ಎಂದು ಎರಡೂ ಕೈ ಚಾಚಿ ಮುಂದೆ ಬಂದೆ. ಅವನು ನನ್ನ ಮೀಸೆಯನ್ನು ನೋಡಿದ, ತಲೆಗೆ ಸುತ್ತಿದ ಪಟಕಾ ನೋಡಿದ, ಮತ್ತೊಮ್ಮೆ ಮೀಸೆ ನೋಡಿದ. ನಂತರ ತಾಯಿಯ ಕೊರಳು ಬಿಗಿಯಾಗಿ ತಬ್ಬಿಕೊಂಡು, ಕಾರವಾರದವರೆಗೆ ಕೇಳುವಂತೆ ಅಳತೊಡಗಿದ. ಇಷ್ಟು ದಿನ ಅವನ ಒಂದು ಫೋಟೋಕ್ಕಾಗಿ ಎಲ್ಲರ ಜೀವ ತಿಂದ ಈ ಮುದುಕನಿಗೆ, ತನ್ನದೊಂದನ್ನು ಅವನಿಗೆ ಕಳಿಸಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.