ಅಮ್ಮನನ್ನು ನಡೆಸಲು ಹೋಗಿದ್ದು

ಒಂದು ಕಂಪ್ಯೂಟರ್ ಕೊಟ್ಟರೆ ಬೆಟ್ಟವನ್ನೂ ನಡೆಸಿಬಿಡುತ್ತೇನೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ನಾನು. ಅನಿಮೇಷನ್ ನನ್ನ ಕಸುಬು. ಚೆಂಡು ಎಷ್ಟು ಪುಟಿಯಬೇಕು, ಬಟ್ಟೆ ಎಷ್ಟು ಹಾರಬೇಕು ಎಂಬುದೆಲ್ಲ ನನಗೆ ನಾಲಿಗೆ ತುದಿಯಲ್ಲಿತ್ತು. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅಪ್ಪ ತಟ್ಟೆ ಮುಂದಿಟ್ಟುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಫೋಟೊಗಳಿದ್ದವು, ಆದರೆ ಅಮ್ಮ ನಡೆದಾಡುವ ವಿಡಿಯೊ ಒಂದೂ ಇರಲಿಲ್ಲ. ಮನೆಯಲ್ಲಿ ವಿಡಿಯೊ ತೆಗೆಯುತ್ತಿದ್ದವಳೇ ಅವಳು.

"ಅಪ್ಪ, ಅಮ್ಮ ಟೀ ಹಿಡ್ಕೊಂಡು ಬರೋದನ್ನ ಮಾಡಿ ತೋರಿಸ್ತೀನಿ. ಥೇಟ್ ಅಮ್ಮನೇ," ಎಂದು ಘೋಷಿಸಿದೆ.

"ಅತ್ತೆ ಹೇಗೆ ನಡೀತಿದ್ರು ಅಂತ ಗೊತ್ತಾ ನಿಮಗೆ?" ಎಂದಳು ಹೆಂಡತಿ.

"ಎತ್ತರ ಗೊತ್ತು, ತೂಕ ಗೊತ್ತು. ಮಿಕ್ಕಿದ್ದು ಗುರುತ್ವಾಕರ್ಷಣೆ ನೋಡ್ಕೊಳ್ಳುತ್ತೆ."

ನೋಡಿಕೊಂಡಿತು. ಮೊದಲ ದಿನ ಪರದೆಯ ಮೇಲೆ ಅಮ್ಮ ಮೊಣಕಾಲವರೆಗೆ ನೆಲದೊಳಗೆ ಇಳಿದಳು. ಎರಡನೇ ದಿನ ಅವಳ ಶಾಲು ಅವಳ ಕತ್ತನ್ನೇ ಸುತ್ತಿಕೊಂಡಿತು. ಮೂರನೇ ದಿನ ಟೀ ಎದ್ದು ಹೋಗಿ ಚಾವಣಿಗೆ ಅಂಟಿತು. ನಿಜವಾದ ಟೀ ಹೇಗೆ ತುಳುಕುತ್ತದೋ ನೋಡೋಣವೆಂದು ಅಮ್ಮನ ನೀಲಿ ಪಿಂಗಾಣಿ ಕಪ್ಪನ್ನೇ ತುಂಬಿಸಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಹೊರಟೆ. ಹೊಸ್ತಿಲು ಎಡವಿದೆ. ಟೀ ಕೀಬೋರ್ಡಿನ ಮೇಲೆ, ಕಪ್ಪು ಚೂರಾಗಿ ನೆಲದ ಮೇಲೆ, ನಾನು ಕಪ್ಪಿನ ಪಕ್ಕ.

ಹೆಂಡತಿ ಬೈಯಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಚೂರು ಆಯತೊಡಗಿದಳು.

"ಬಿದ್ದಿದ್ದು ವಿಡಿಯೊದಲ್ಲಿ ಬಂತಾ?"

"ಬಂತು."

"ಸಂತೋಷ. ನೋಡಿ ಕಲ್ತ್ಕೊಳ್ಳಿ," ಎಂದವಳು ಹಿಡಿಕೆಯ ಚೂರನ್ನು ಮುಷ್ಟಿಯಲ್ಲಿಟ್ಟುಕೊಂಡು ಎದ್ದು ಹೋದಳು. ಬಚ್ಚಲಿನ ನಲ್ಲಿ ತುಂಬ ಹೊತ್ತು ಸುರಿಯುತ್ತಿತ್ತು.

ಹೊಸ ಕೀಬೋರ್ಡ್ ತಂದು ಕೆಲಸ ಮುಗಿಸಿದೆ. ಶಾಲಿನ ಮಡಿಕೆ, ಕೂದಲಿನ ಅಲುಗಾಟ, ಟೀಯ ಅಲೆ, ಒಂದರಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು.

"ಚೆನ್ನಾಗಿದೆ. ಯಾರಪ್ಪ ಇವರು?"

ನಾನು ಇಂಗು ತಿಂದ ಮಂಗನಂತೆ ಕೂತೆ. ಹೆಂಡತಿ ನನ್ನನ್ನು ಪಡಸಾಲೆಗೆ ಎಳೆದುಕೊಂಡು ಹೋದಳು. "ಅತ್ತೆಗೆ ಎಡಮಂಡಿ ನೋವು. ಬಲಕ್ಕೆ ವಾಲ್ಕೊಂಡು, ಗೋಡೆ ಸವರ್ಕೊಂಡು ಬರ್ತಿದ್ರು. ನೀವು ಕಂಪ್ಯೂಟರಿಂದ ತಲೆ ಎತ್ತದೇನೇ ಟೀಗೆ ಕೈ ಚಾಚ್ತಿದ್ರಿ. ನಿಮಗೆಲ್ಲಿ ಕಾಣ್ಬೇಕು?" ಎಂದು ತಾನೇ ಹಾಗೆ ನಡೆದು ತೋರಿಸಿದಳು.

ಕಾಗದ, ಪೆನ್ಸಿಲ್ ತೆಗೆದೆ. ಮುಖ ಬಿಟ್ಟೆ, ಕೂದಲು ಬಿಟ್ಟೆ, ನೆಲವನ್ನೂ ಬಿಟ್ಟೆ. ಉಳಿದದ್ದು ವಾಲಿದ ಏಳೆಂಟು ಗೆರೆ, ಕೈಯಲ್ಲೊಂದು ಕಪ್ಪು. ಅಷ್ಟು ವಾಲಿದರೆ ಮನುಷ್ಯರು ಬೀಳಬೇಕು, ಟೀ ಚೆಲ್ಲಬೇಕು. ಗೆರೆಯ ಅಮ್ಮ ಬೀಳಲಿಲ್ಲ, ಚೆಲ್ಲಲೂ ಇಲ್ಲ. ನಾನು ತಿದ್ದಲು ಹೋಗಲಿಲ್ಲ.

ಹಾಳೆ ಹಾಳೆಯಾಗಿ ಬರೆದದ್ದನ್ನು ಕಂಪ್ಯೂಟರಿನಲ್ಲಿ ಓಡಿಸಿದೆ. ನಾಲ್ಕೇ ಸೆಕೆಂಡಿನ ಚಿತ್ರ. ಮುಗಿದ ಕೂಡಲೇ ತಾನಾಗಿ ಮತ್ತೆ ಶುರುವಾಗುತ್ತಿತ್ತು. ಅಪ್ಪ ನೋಡುತ್ತಲೇ ಇದ್ದರು. ಕಣ್ಣು ತುಂಬಿತು. ಆರನೇ ಸಲವೋ ಏಳನೇ ಸಲವೋ ಕೈ ಎತ್ತಿದರು.

"ಸಾಕು ಕಣೋ. ಮಂಡಿ ನೋವಿನೋಳು. ಎಷ್ಟು ಸಲ ಅಂತ ನಡೆಸ್ತೀಯ? ಕೂರಿಸು."

ಒಂದು ಕುರ್ಚಿ ಬರೆದೆ. ಅಮ್ಮ ಕೂತರೆ ಹೇಗಿರುತ್ತಿದ್ದಳು ಎಂಬುದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಪೆನ್ಸಿಲನ್ನು ಅಪ್ಪನ ಕೈಗೆ ಕೊಟ್ಟೆ.