ಲಡಾಯಿ ಪುಸ್ತಕದ ಮೇಲಿನ ಚಹಾ

ಪುಸ್ತಕ ಓದದವರ ಮೇಲೆ ನನಗೆ ಸಿಟ್ಟಿಲ್ಲ. ಓದುತ್ತೇನೆಂದು ಒಯ್ದು, ಅದರ ಮೇಲೆ ಚಹಾದ ಕಪ್ಪು ಇಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಅಕ್ಕ ನನ್ನಿಂದ ಓದಿಸಿಕೊಳ್ಳುತ್ತಿದ್ದ ಕಾದಂಬರಿಯ ರಟ್ಟಿನ ಮೇಲೆ ಅಂಥ ಮೂರು ಉಂಗುರಗಳಿವೆ. ಬೀದರ, ಭಾಲ್ಕಿ, ಔರಾದ, ಊರಿಗೊಂದು.

ಅದು ಯುದ್ಧದ ಕಾದಂಬರಿ. ಗುಂಡು ಹಾರುತ್ತಿದ್ದರೂ ಕಂದಕದಲ್ಲಿ ಕುಳಿತು ರೊಟ್ಟಿ ಹೊತ್ತದಂತೆ ನೋಡಿಕೊಳ್ಳುವ ಅಡುಗೆಯ ಸಿಪಾಯಿಯೊಬ್ಬನ ಕಥೆ. ಅಕ್ಕ ಹಾಸಿಗೆ ಹಿಡಿದಾಗ ದಿನಕ್ಕೆ ನಾಲ್ಕು ಪುಟ ಓದಿ ಹೇಳುತ್ತಿದ್ದೆ. "ಅವ ಮನಿಗಿ ತಿರುಗಿ ಬರ್ತಾನೋ ಇಲ್ಲೋ, ನಾಳಿ ನೋಡೂಣು," ಎಂದು ಒಂದು ಸಂಜೆ ಕಣ್ಣು ಮುಚ್ಚಿದಳು. ಅವಳಿಗೆ ನಾಳೆ ಬರಲಿಲ್ಲ.

ಅವಳ ದಿನಕರ್ಮದ ಊಟಕ್ಕೆ ಬಂದವರೆಲ್ಲ, ಏನಾದರೂ ಬೇಕಾದರೆ ಹೇಳು ಎಂದು ಕೈ ತೊಳೆದುಕೊಂಡು ಹೋದರು. ನಾನು ಬೇಡಿದ್ದು ಒಂದೇ: ಈ ಪುಸ್ತಕ ಓದಿ.

ತಪ್ಪಿದ್ದು ಒಂದು ಶಬ್ದದಲ್ಲಿ. ಯುದ್ಧವೆಂದರೆ ಪುರಾಣವೆಂದು ತಿಳಿದಾರೆಂದು 'ಲಡಾಯಿ ಕಾದಂಬರಿ' ಅಂದೆ. ನಮ್ಮ ಕಡೆ ಗಡಿಯಲ್ಲಿ ನಡೆಯುವುದೂ ಲಡಾಯಿ, ನಲ್ಲಿಯ ಮುಂದೆ ಕೊಡಕ್ಕಾಗಿ ನಡೆಯುವುದೂ ಲಡಾಯಿ. ಬೀದರದ ನೌಬಾದದಲ್ಲಿನ ನಮ್ಮ ನೆರೆಯವರು ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದು, ಅತ್ತೆ-ಸೊಸೆಯದೋ ಅಣ್ಣ-ತಮ್ಮಂದಿರದೋ ಎಂದು ವಿಚಾರಿಸಿದರು. ಭಾಲ್ಕಿಯ ಸೋದರಮಾವ ಒಂದು ತಿಂಗಳು ಇಟ್ಟುಕೊಂಡು, ಹಾಳೆ ತಿರುವದೆ ಮರಳಿಸಿದರು.

"ಅಳಿಯಾ, ಮನ್ಯಾಗ ದಿನಾ ಲಡಾಯಿ ನಡದದ. ಮತ್ತ ಬುಕ್ಕಿನ್ಯಾಗ ಖಾಲಿಪಿಲಿ ಯಾಕ ಓದಬೇಕು? ನಿನ್ನ ಸಿಪಾಯಿನ್ನ ಒಂದಿನ ನಿಮ್ಮತ್ತಿ ಮುಂದ ನಿಲ್ಸು, ನೋಡೂಣು."

ಅಕ್ಕನನ್ನು ಎತ್ತಿ ಆಡಿಸಿದ ಮನುಷ್ಯ ಇವರು. ಅಲ್ಲೇ ಲಡಾಯಿ ತೆಗೆದು, ಚಹಾ ಮುಟ್ಟದೆ ಎದ್ದು ಬಂದೆ. ಬಸ್ಸಿನ ತುಂಬ ಬೈದುಕೊಂಡೆ. ಅರ್ಧ ಅವರನ್ನು, ಅರ್ಧ ಬಿಟ್ಟುಬಂದ ಚಹಾಕ್ಕಾಗಿ ನನ್ನನ್ನು.

ಔರಾದಿನಲ್ಲಿ ಅಕ್ಕನ ಗೆಳತಿ ಟೀಚರಬಾಯಿಯವರು ಮಾತ್ರ ಓದಿದರು. ಅವರ ಉಂಗುರವೂ ಇತ್ತು. ಓದುತ್ತ ಎಲ್ಲಿ ಕಪ್ಪಿಟ್ಟೆನೆಂಬುದೇ ತಿಳಿಯಲಿಲ್ಲವೆಂದು ನಾಚಿಕೊಂಡರು.

"ಕಡೀ ಪುಟಕ್ಕ ಭಾಳ ಅತ್ತೀನ್ರಿ. ಆ ಸಿಪಾಯಿ ಮನಿಗಿ..."

ತಡೆಯಿರಿ ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು. ಅವರು ನನ್ನ ಮುಖ ನೋಡಿದರು.

"ನೀವ ಪೂರಾ ಓದಿಲ್ಲೇನ್ರಿ?"

ಓದಿಲ್ಲ. ಅಕ್ಕನ ಔಷಧಿ ಚೀಟಿ ಇಟ್ಟ ಪುಟದಾಚೆ ಇನ್ನೂ ಹನ್ನೊಂದು ಹಾಳೆಗಳಿವೆ. ಊರವರಿಗೆ ಓದುವ ರುಚಿಯಿಲ್ಲವೆಂದು ಕಂಡಕಂಡಲ್ಲಿ ಬೈದವನು ನಾನು.

ಇವತ್ತು ಬೆಳಿಗ್ಗೆ ತೆರೆದೆ. ಒಂದು ಸಾಲು ಓದಿದೆ, ಮುಚ್ಚಿದೆ. ಮತ್ತೆ ತೆರೆಯಲಾರದಂತೆ ಅದರ ಮೇಲೆ ಚಹಾದ ಕಪ್ಪು ಇಟ್ಟೆ. ಈಗ ನಾಲ್ಕು ಉಂಗುರ.