ಗಾಳಿಗೆ ನಿಂತ ಲಾರಿ

ಬೇರೆಯವರಿಗೆ ಬುದ್ಧಿ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಅವಸ್ಥೆ ಯಾರಿಗೂ ಬೇಡ. ಹೇಳಿದ್ದನ್ನು ಯಾರೂ ಕೇಳುವುದಿಲ್ಲ ಎಂಬ ಗೋಳು ಎಲ್ಲರದೂ ಇದ್ದದ್ದೇ. ನನ್ನ ಕಷ್ಟ ಅದಕ್ಕಿಂತ ದೊಡ್ಡದು. ನಾನು ಹೇಳಿದ್ದನ್ನು ಒಬ್ಬ ನಿಜವಾಗಿಯೂ ಕೇಳಿಬಿಟ್ಟ. ಆ ಸುಸ್ತು ಇನ್ನೂ ಇಳಿದಿಲ್ಲ.

ಪೀಣ್ಯದ ಒಂದು ಥರ್ಮಾಕೋಲ್ ಕಾರ್ಖಾನೆಯಲ್ಲಿ ಲಾರಿಗಳನ್ನು ಹೊರಡಿಸುವ ಕೆಲಸ ನನ್ನದು. ಫ್ರಿಜ್ಜು, ಟಿವಿಗಳ ಸುತ್ತ ಇಡುವ ಬಿಳಿ ಅಚ್ಚುಗಳನ್ನು ಉದ್ದನೆಯ ಕಂಟೇನರ್ ಲಾರಿಗಳಲ್ಲಿ ತುಂಬಿ ಕಳಿಸುತ್ತೇವೆ. ನೋಡಲು ಕಲ್ಯಾಣಮಂಟಪದಷ್ಟು ದೊಡ್ಡ ಗಾಡಿ, ಒಳಗೆ ತೂಕವೇ ಇಲ್ಲ. ಆಷಾಢದ ಗಾಳಿಗೆ ಇಂಥವೇ ಮೊದಲು ಮಗುಚುವುದು. ಹಾಗಾಗಿ ಪ್ರತಿವರ್ಷ ಡ್ರೈವರುಗಳಿಗೆ ಪಾಠ ಮಾಡುವ ಹೊಣೆಯೂ ನನ್ನ ತಲೆಗೇ ಬಂದಿದೆ. ನಾನು ಜನ್ಮದಲ್ಲಿ ಲಾರಿ ಓಡಿಸಿದವನಲ್ಲ. ಬಾಗಲಗುಂಟೆಯ ಮನೆಯಿಂದ ಸ್ಕೂಟರಿನಲ್ಲಿ ಬರುವವನು. ಒಮ್ಮೆ ಫ್ಲೈಓವರ್ ಮೇಲೆ ಗಾಳಿಗೆ ಸಿಕ್ಕಿ ಓಲಾಡುತ್ತಿದ್ದಾಗ ಹಿಂದೆ ಕೂತಿದ್ದ ನನ್ನಾಕೆ, "ರೀ, ಗಾಡಿ ಓಡಿಸ್ತಿರೋದು ನೀವಾ, ಗಾಳಿಯಾ?" ಎಂದು ಕೇಳಿದ್ದಳು. ಈ ವಿಷಯದಲ್ಲಿ ನನ್ನ ಅನುಭವವೆಲ್ಲ ಇಷ್ಟೇ. ಪಾಠದ ಚಿತ್ರಗಳನ್ನು ಯಾವುದೋ ಪರದೇಶದ ಜಾಲತಾಣದಿಂದ ಇಳಿಸಿಕೊಂಡಿದ್ದೆ. ಹಿಮದ ನಡುವೆ ನಿಂತ ಲಾರಿಯ ಚಿತ್ರ ನೋಡಿ ಒಬ್ಬ, "ಏನ್ ಸಾರ್, ಅವ್ರೂ ನಮ್ಮಂಗೆ ಥರ್ಮಾಕೋಲ್ ಚೆಲ್ಕೊಂಡವ್ರಲ್ಲ!" ಎಂದ. ಆ ನಗುವಿನ ನಡುವೆಯೇ ಕಿರುಚಿ ಹೇಳಿದೆ: ವೇಗ ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಸೇತುವೆ ಬಂದಾಗ, ಗುಡ್ಡದ ಮರೆ ತಪ್ಪಿದಾಗ ಜೋಪಾನ. ಗಾಳಿ ಮಿತಿಮೀರಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿಬಿಡಿ, ಯಾರನ್ನೂ ಕೇಳಬೇಡಿ. ಕೊನೆಯ ಬೆಂಚಿನಲ್ಲಿ ಮಾಗಡಿ ಕಡೆಯ ತಿಮ್ಮಣ್ಣ ಕಣ್ಣು ಮುಚ್ಚಿ ಕೂತಿದ್ದರು. ಹಳೇ ಡ್ರೈವರು, ನಿದ್ದೆ ಹೊಡೆಯುತ್ತಿದ್ದಾರೆ ಅಂದುಕೊಂಡೆ.

ಮರುವಾರ ಅವರು ಹುಬ್ಬಳ್ಳಿಗೆ ಮಾಲು ತೆಗೆದುಕೊಂಡು ಹೊರಟರು. ಹನ್ನೊಂದು ಗಂಟೆಗೆ ಫೋನ್ ಬಂತು.

"ಸಾರ್, ಹಿರಿಯೂರು ದಾಟಿ ಪೆಟ್ರೋಲ್ ಬಂಕ್ ಗೋಡೆ ಮರೇಲಿ ನಿಂತಿವ್ನಿ. ಗಾಳಿ ಬಾಳ ಐತೆ. ಗಾಡಿನ ಪಕ್ಕಕ್ಕೆ ತಳ್ತಾ ಐತೆ. ಮುಂದೆ ಒಂದು ಕಂಟೇನರ್ ಮಗ್ಗುಲಾಗಿ ಬಿದ್ದೈತೆ."

ಶಭಾಷ್ ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಯಾರನ್ನ ಕೇಳಿ ನಿಲ್ಸಿದ್ರಿ?"

"ಯಾರ್ನೂ ಕೇಳ್ಬ್ಯಾಡಿ ಅಂತ ನೀವೇ ಯೋಳಿದ್ರಲ್ಲ ಸಾರ್?"

"ಅದು ಟ್ರೈನಿಂಗು ಕಣ್ರೀ!" ಎಂದೆ.

ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಆದರೆ ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ. ಮ್ಯಾನೇಜರು ಬಂದು ಮೇಜಿನ ಮುಂದೆ ನಿಂತಿದ್ದರು. ಹೊತ್ತಿಗೆ ಸರಿಯಾಗಿ ತಲುಪಿದ ಲಾರಿಗಳೆಲ್ಲ ಅವರವು, ದಾರಿಯಲ್ಲಿ ನಿಂತವು ಮಾತ್ರ ನನ್ನವು. "ನಿಮ್ಮ ಲಾರಿ ಯಾಕ್ರೀ ನಿಂತಿದೆ? ಸಂಜೆಯೊಳಗೆ ಮಾಲು ಸಿಗ್ಲಿಲ್ಲ ಅಂದ್ರೆ ಹುಬ್ಬಳ್ಳಿಯವ್ರ ಕೆಲಸ ನಿಂತೋಗತ್ತೆ. ಹೊರಡ್ಸಿ" ಎಂದು ಹೇಳಿ ಹೋದರು. ಅರ್ಧ ಗಂಟೆಗೊಮ್ಮೆ ಹಿರಿಯೂರಿಗೆ ಫೋನ್ ಮಾಡಿ, ಮಗುವಿಗೆ ಜ್ವರ ಇಳಿಯಿತೇ ಎಂದು ಕೇಳುವ ಹಾಗೆ, ಗಾಳಿ ಇಳಿಯಿತೇ ಎಂದು ಕೇಳಿದೆ. ಇಳಿದಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ನನಗೂ ಸಾಕಾಗಿ, "ತಿಮ್ಮಣ್ಣ, ನಲವತ್ತರಲ್ಲಿ ಮೆಲ್ಲಗೆ ಹೊರಟ್ಬಿಡಿ" ಎಂದೆ.

ಅವರಿಗೆ ಸಿಟ್ಟೇ ಬರಲಿಲ್ಲ. "ಆಯ್ತು ಸಾರ್. ನೀವು ಓಗು ಅಂದ್ರಿ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಆಕ್ಬುಡಿ. ಎಚ್ಚುಕಮ್ಮಿ ಆದ್ರೆ ನಮ್ಮನೇಲಿ ತೋರ್ಸಕ್ಕೆ ಇರ್ಲಿ."

'ಹೊರಡಿ' ಎಂದು ಟೈಪ್ ಮಾಡಿದೆ. ಅಳಿಸಿದೆ. 'ನೋಡಿಕೊಂಡು ಹೊರಡಿ' ಎಂದು ಮಾಡಿದೆ, ಅದನ್ನೂ ಅಳಿಸಿದೆ. ಆ ಮನುಷ್ಯನ ಹೆಂಡತಿ ಮೊಬೈಲು ಹಿಡಿದುಕೊಂಡು ನನ್ನ ಹೆಸರು ಓದುವುದು ಕಣ್ಣಿಗೆ ಕಟ್ಟಿತು. ನಿಜ ಹೇಳುತ್ತೇನೆ, ಭಯವಾಯಿತು. ಬಾಯಲ್ಲಿ ಸಲೀಸಾಗಿ ಅಂದಿದ್ದ ಮಾತನ್ನು ಬರೆಯಲು ಹೋದರೆ ಆಗಲಿಲ್ಲ. ಕೊನೆಗೆ ಮೊಬೈಲನ್ನೇ ಮ್ಯಾನೇಜರ ಮುಂದೆ ಹಿಡಿದು, "ಸಾರ್, ನೀವೇ ನಿಮ್ಮ ಹೆಸರಲ್ಲಿ ಎರಡಕ್ಷರ ಹಾಕ್ಬಿಡಿ, ತಕ್ಷಣ ಹೊರಡ್ತಾರಂತೆ" ಎಂದು ವಿಷಯ ತಿಳಿಸಿದೆ.

ಅವರು ಕನ್ನಡಕ ಹಾಕಿಕೊಂಡರು. ಬೆರಳನ್ನು ಪರದೆಯ ಹತ್ತಿರ ತಂದರು. ಆಮೇಲೆ ಕನ್ನಡಕ ತೆಗೆದರು. "ಅಷ್ಟು ಗಾಳಿ ಇದ್ರೆ ಇರ್ಲಿ ಬಿಡ್ರೀ, ನಾಳೆ ಹೋಗ್ಲಿ. ಹುಬ್ಬಳ್ಳಿಯವ್ರ ಹತ್ರ ನಾನು ಮಾತಾಡ್ತೀನಿ" ಎಂದು ಮೊಬೈಲು ವಾಪಸ್ ಕೊಟ್ಟರು.

ಕೂಡಲೇ ತಿಮ್ಮಣ್ಣನಿಗೆ ಫೋನ್ ಮಾಡಿದೆ. "ಅಲ್ಲೇ ಇರಿ. ಜೀವಕ್ಕಿಂತ ಥರ್ಮಾಕೋಲ್ ಹೆಚ್ಚಾ?" ಎಂದು ನಾನೇ ಗದರಿದೆ. ಅವರು ಆಕಳಿಸುತ್ತಾ, "ಅಂಗೇ ಆಗ್ಲಿ ಸಾರ್" ಎಂದರು. ಈ ಸಲ ಅವರು ಮೆಸೇಜು ಕೇಳಲಿಲ್ಲ. ನಾನೇ ಕಳಿಸಿದೆ. 'ಚಾಲಕರ ಸುರಕ್ಷತೆಯ ದೃಷ್ಟಿಯಿಂದ ಲಾರಿಯನ್ನು ನಿಲ್ಲಿಸುವಂತೆ ನಾನೇ ಸೂಚಿಸಿರುತ್ತೇನೆ.' ಕೆಳಗೆ ನನ್ನ ಹೆಸರು, ಅದರ ಕೆಳಗೆ ಹುದ್ದೆ. ಒಂದಕ್ಷರವನ್ನೂ ಅಳಿಸಲಿಲ್ಲ. ಡ್ರೈವರುಗಳ ಗ್ರೂಪಿಗೂ ಹಾಕಿದೆ.